ದಸರಾಕ್ಕೆ ಮುಂಚೆ ದೋಣಿ ಸಿದ್ಧ: ಹಿನ್ನೀರಿನ ಫೈಬರ್ ಬೋಟ್‌ಗೆ ಮಳೆಗಾಲದ ರಿಪೇರಿ

ಕನ್ನಂಬಾಡಿ ಕಟ್ಟೆಯ ಮಟ್ಟ 124.80 ಅಡಿಯ ಹತ್ತಿರ ಬಂತೆಂದರೆ ಹೊಳೆಗೆ ನೀರು ಬಿಡುತ್ತಾರೆ. ರಂಗನತಿಟ್ಟಿನಲ್ಲಿ ದೋಣಿವಿಹಾರ ನಿಲ್ಲುತ್ತದೆ. ಕಬಿನಿ ಹಿನ್ನೀರಿನಲ್ಲೂ ಗಾಳಿ ಮಳೆಗೆ ಸಣ್ಣ ದೋಣಿಗಳು ದಡ ಸೇರುತ್ತವೆ. ಮತ್ತೆ ಜನ ಬರುವುದು ದಸರಾ ಹೊತ್ತಿಗೆ. ನಡುವಿನ ನಾಲ್ಕು ತಿಂಗಳು ರಿಪೇರಿಗೆ ಧಾರಾಳ ಸಾಕು ಅನ್ನಿಸುತ್ತದೆ, ಆದರೆ ಅಲ್ಲೇ ಲೆಕ್ಕ ತಪ್ಪುವುದು. ಫೈಬರ್ ಕೆಲಸಕ್ಕೆ ಒಣ ಹವೆ ಬೇಕು, ಜುಲೈ ಆಗಸ್ಟ್‌ನಲ್ಲಿ ಅದೇ ಇರುವುದಿಲ್ಲ. ತೇವದ ಮೇಲೆ ಹಚ್ಚಿದ ರೆಸಿನ್, ಅಂದರೆ ಫೈಬರಿನ ಅಂಟು, ಆ ದಿನ ಗಟ್ಟಿಯಾಗಿ ಕಂಡರೂ ಎರಡು ತಿಂಗಳಲ್ಲಿ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಹಾಗಾಗಿ ದೋಣಿಯ ಮೈಗೆ ಸಂಬಂಧಿಸಿದ್ದೆಲ್ಲ ಮೇ ತಿಂಗಳ ಬಿಸಿಲಲ್ಲೇ ಮುಗಿಯಬೇಕು. ಎಂಜಿನ್, ವೈರಿಂಗ್, ಬ್ಯಾಟರಿ ಕೆಲಸವನ್ನು ಮಳೆ ಹಿಡಿದ ಮೇಲೆ ಶೆಡ್ಡಿನೊಳಗೆ ಕೂತು ಮಾಡಬಹುದು. ಈ ಲೇಖನ 16ರಿಂದ 20 ಅಡಿ ಉದ್ದದ, ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ 10ರಿಂದ 25 ಹೆಚ್‌ಪಿ ಔಟ್‌ಬೋರ್ಡ್ ಎಂಜಿನ್ ಇರುವ, ಮೇಲೊಂದು ಬಟ್ಟೆಯ ಚಪ್ಪರ ಹಾಕಿದ ಫೈಬರ್ ದೋಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ದಡಕ್ಕೆ ಎಳೆಯುವುದು

ಮೇ ಮೊದಲ ವಾರ ಎಳೆಯಿರಿ. ಇನ್ನೂ ತಡಮಾಡಿದರೆ ನೀರು ಹಿಂದೆ ಸರಿದು ದಡಕ್ಕೂ ದೋಣಿಗೂ ನಡುವೆ ಮೊಣಕಾಲುದ್ದ ಕೆಸರು ನಿಲ್ಲುತ್ತದೆ, ಟ್ರ್ಯಾಕ್ಟರ್ ಇಳಿಯುವುದಿಲ್ಲ. ಕಬಿನಿ ಹಿನ್ನೀರಿನಲ್ಲಿ ಇನ್ನೊಂದು ಅಪಾಯ ಇದೆ. ಮುಳುಗಡೆಯಾದ ಮರದ ಬೊಡ್ಡೆಗಳು ಮಟ್ಟ ಇಳಿದಂತೆ ನೀರಿನ ಮೇಲ್ಮೈಗೆ ಒಂದೆರಡು ಅಡಿ ಕೆಳಗೆ ಬಂದು ಕೂರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಪ್ರೊಪೆಲ್ಲರ್ ಮುರಿಯುವುದು ಹೆಚ್ಚಾಗಿ ಈ ದಿನಗಳಲ್ಲೇ.

ಕಲ್ಲಿನ ಮೇಲೆ ಎಳೆಯಬೇಡಿ. ಟ್ರೇಲರ್ ಇಲ್ಲದಿದ್ದರೆ ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಉರುಳೆಯಂತೆ ಕೆಳಗೆ ಹಾಕಿ ಉರುಳಿಸಿಕೊಂಡು ಬನ್ನಿ. ದಡ ಸೇರಿದ ಕೂಡಲೇ ಹಿಂಬದಿಯ ಡ್ರೈನ್ ಪ್ಲಗ್ ಬಿಚ್ಚಿ, ಅದನ್ನು ದಾರದಿಂದ ಎಂಜಿನ್ ಕೀಲಿಗೆ ಕಟ್ಟಿಡಿ. ನಾಲ್ಕು ತಿಂಗಳ ನಂತರ ಪ್ಲಗ್ ಹಾಕದೆ ನೀರಿಗೆ ಇಳಿಸಿ ದೋಣಿ ಮುಳುಗಿಸಿಕೊಂಡವರು ಕಡಿಮೆಯೇನಿಲ್ಲ.

ದೋಣಿಯ ಭಾರವನ್ನು ನಡು ಏಣಿನ ಮೇಲೆ ಕೂರಿಸಬೇಕು. ಮುಂದೆ, ನಡುವೆ, ಹಿಂದೆ ಮೂರು ಕಡೆ ಮರದ ದಿಮ್ಮಿ ಕೊಡಿ. ಪಕ್ಕಕ್ಕೆ ವಾಲದಂತೆ ಹಳೆಯ ಟೈರ್‌ಗಳನ್ನು ಸಿಕ್ಕಿಸಿ. ಮುಂಭಾಗ ಒಂದು ಅಡಿ ಎತ್ತರ ಇದ್ದರೆ ಒಳಗೆ ಬಿದ್ದ ನೀರೆಲ್ಲ ಹಿಂದಿನ ತೂತಿನಿಂದ ತಾನೇ ಹರಿದುಹೋಗುತ್ತದೆ. ಮೆತ್ತಗಿರಲೆಂದು ಭತ್ತದ ಹುಲ್ಲು ಹಾಸುವವರಿದ್ದಾರೆ, ಅದು ಬೇಡ. ಕಬ್ಬಿನ ಗದ್ದೆಯ ಪಕ್ಕದ ಊರುಗಳಲ್ಲಿ ಹುಲ್ಲು ಹಾಸಿದರೆ ಇಲಿಗೆ ಮನೆ ಕಟ್ಟಿಕೊಟ್ಟಂತೆ. ವಾರದಲ್ಲಿ ವೈರು, ಲೈಫ್ ಜಾಕೆಟ್ ಎರಡೂ ಹೋಗುತ್ತವೆ.

ತೊಳೆಯುವ ಕೆಲಸವನ್ನು ಅದೇ ದಿನ ಮುಗಿಸಿ. ಹಸಿಯಾಗಿರುವ ಪಾಚಿ ನೈಲಾನ್ ಬ್ರಷ್ಷಿಗೆ ಬಿಡುತ್ತದೆ. ಒಂದು ದಿನ ಬಿಸಿಲು ಕುಡಿದರೆ ಉಜ್ಜಿ ಉಜ್ಜಿ ಕೈ ಸೋಲುತ್ತದೆ.

ತಟ್ಟಿ ನೋಡುವುದು

ಬೆಳಗಿನ ಓರೆ ಬಿಸಿಲಿನಲ್ಲಿ ದೋಣಿಯ ಅಡಿಯನ್ನು ನೋಡಿ. ಉಬ್ಬು, ತಗ್ಗು ಆಗ ಚೆನ್ನಾಗಿ ಕಾಣುತ್ತವೆ. ನಂತರ ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಅಂಗೈ ಅಗಲಕ್ಕೆ ಒಂದರಂತೆ ತಟ್ಟುತ್ತಾ ಬನ್ನಿ. ಗಟ್ಟಿ ಫೈಬರ್ ಟಕ್ ಟಕ್ ಎನ್ನುತ್ತದೆ. ಪದರ ಬಿಟ್ಟ ಕಡೆ, ಒಳಗೆ ನೀರು ಕೂತ ಕಡೆ ಬೊದ್ ಎಂಬ ಮಂದ ಸದ್ದು ಬರುತ್ತದೆ, ಕೊಳೆತ ತೆಂಗಿನಕಾಯಿ ತಟ್ಟಿದ ಹಾಗೆ. ಕಿವಿಗೆ ಹತ್ತು ನಿಮಿಷದಲ್ಲಿ ಅಭ್ಯಾಸವಾಗುತ್ತದೆ. ಅನುಮಾನ ಬಂದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ.

ಬಟಾಣಿ ಕಾಳಿನಷ್ಟು, ಎಂಟಾಣೆ ನಾಣ್ಯದಷ್ಟು ಗುಳ್ಳೆಗಳು ಕಂಡರೆ ಒಂದನ್ನು ಒಡೆದು ನೋಡಿ. ಒಳಗಿನ ದ್ರವ ವಿನೆಗರ್ ವಾಸನೆ ಹೊಡೆದರೆ ನೀರು ಹೊರಗಿನ ಹೊಳಪಿನ ಲೇಪವಾದ ಜೆಲ್‌ಕೋಟ್ ದಾಟಿ ಒಳಗಿನ ಪದರಕ್ಕೆ ಇಳಿದಿದೆ ಎಂದರ್ಥ. ಸಿಹಿನೀರಿನಲ್ಲಿ ಇದು ಸಮುದ್ರಕ್ಕಿಂತ ಬೇಗ ಆಗುತ್ತದೆ. ಹೊರಗಿನ ನೀರು ಎಷ್ಟು ಶುದ್ಧವೋ ಒಳಗಿನ ಗಾಢ ದ್ರವ ಅದನ್ನು ಅಷ್ಟು ಜೋರಾಗಿ ಎಳೆದುಕೊಳ್ಳುತ್ತದೆ. ಕಡಲ ದೋಣಿ ಕಟ್ಟುವವರ ಅನುಭವವನ್ನು ಹಿನ್ನೀರಿಗೆ ಹಾಗೇ ಅನ್ವಯಿಸಲು ಆಗದಿರುವುದಕ್ಕೆ ಇದೂ ಒಂದು ಕಾರಣ.

ಎಂಜಿನ್ ಕೂರುವ ಹಿಂಬದಿ ಹಲಗೆಯನ್ನು ಬೇರೆಯಾಗಿ ಪರೀಕ್ಷಿಸಬೇಕು. ಅದರ ಹೊರಗೆ ಫೈಬರ್, ಒಳಗೆ ಪ್ಲೈವುಡ್. ಎಂಜಿನ್ನಿನ ಕೆಳತುದಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಹಲಗೆ ಬಾಗಿದರೆ, ಬೋಲ್ಟಿನ ಸುತ್ತ ಕಂದು ನೀರು ಒಸರಿದರೆ ಒಳಗಿನ ಮರ ಕೊಳೆಯುತ್ತಿದೆ. ಖಚಿತಪಡಿಸಿಕೊಳ್ಳಲು ಒಳಮೈಯಿಂದ 3 ಮಿ.ಮೀ. ಡ್ರಿಲ್ ಹಾಕಿ. ತಿಳಿ ಬಣ್ಣದ ಒಣ ಪುಡಿ ಬಂದರೆ ಸರಿ, ಕಪ್ಪಾಗಿ ಒದ್ದೆಯಾಗಿ ಸುರುಳಿ ಬಂದರೆ ಹಲಗೆ ಬದಲಿಸಲೇಬೇಕು. ಹೊಸದಕ್ಕೆ ಐಎಸ್ 710 ಮುದ್ರೆ ಇರುವ ಮೆರೈನ್ ಪ್ಲೈ ಮಾತ್ರ ತನ್ನಿ. ಪೀಠೋಪಕರಣಕ್ಕೆ ಬಳಸುವ ಸಾದಾ ಪ್ಲೈ ಇಲ್ಲಿ ತಡೆಯುವುದಿಲ್ಲ.

ಒಣಗಿದೆಯೇ ಎಂದು ತಿಳಿಯುವುದು

ಗುರುತು ಹಾಕಿದ ಜಾಗದ ಜೆಲ್‌ಕೋಟ್ ತೆಗೆದು, ಗುಳ್ಳೆಗಳನ್ನು ಒಡೆದು, ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು ಬಿಸಿಲಿಗೆ ಬಿಡಿ. ಹತ್ತು ಹದಿನೈದು ದಿನ ಬೇಕು. ರಾತ್ರಿ ಮುಚ್ಚಿ, ಹಗಲು ತೆರೆಯಿರಿ. ಮೇನಲ್ಲಿ ಸಂಜೆ ಗುಡುಗು ಮಳೆ ಬಂದುಬಿಡುವುದರಿಂದ ನಾಲ್ಕು ಗಂಟೆಗೇ ಮುಚ್ಚುವುದು ಒಳ್ಳೆಯದು.

ಒಣಗಿದೆಯೇ ಎಂದು ಕೈಯಿಂದ ಮುಟ್ಟಿ ಹೇಳಲಾಗದು. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಆ ಜಾಗದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಸಿಲಲ್ಲಿ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ಇನ್ನೂ ಒಂದು ವಾರ ಕಾಯಿರಿ. ಕಟ್ಟದಿದ್ದರೆ ಕೆಲಸ ಶುರು ಮಾಡಿ.

ತೇಪೆ ಹಾಕುವುದು

ಅಂಗೈಯಷ್ಟು, ಅಂದರೆ 10 ಸೆಂ.ಮೀ. ಅಗಲದ ತೂತು, ಫೈಬರ್ ದಪ್ಪ 4 ಮಿ.ಮೀ. ಎಂದಿಟ್ಟುಕೊಳ್ಳಿ. ತೂತಿಗೆ ಮುಚ್ಚಳದಂತೆ ತೇಪೆ ಹಾಕಿದರೆ ಅಂಚಿನಲ್ಲೇ ಬಿಡುತ್ತದೆ. ತೂತಿನ ಸುತ್ತ ಇಳಿಜಾರು ಮಾಡಬೇಕು, ದಪ್ಪದ 12 ಪಟ್ಟು ಅಗಲಕ್ಕೆ. ನಾಲ್ಕು ಮಿ.ಮೀ. ದಪ್ಪಕ್ಕೆ ಸುಮಾರು 5 ಸೆಂ.ಮೀ. ಆಗುತ್ತದೆ, ಆಗ ತಟ್ಟೆಯಂತೆ 20 ಸೆಂ.ಮೀ. ಅಗಲದ ಬಾಯಿ ತೆರೆದುಕೊಳ್ಳುತ್ತದೆ. ಇಷ್ಟು ಅಗಲ ಮಾಡಲು ಮನಸ್ಸು ಹಿಂಜರಿಯುವುದು ಸಹಜ, ಆದರೂ ಕಡಿಮೆ ಮಾಡಬೇಡಿ. ಹೊಸ ಫೈಬರ್ ಹಳೆಯದನ್ನು ಹಿಡಿಯುವುದು ಅಂಟಿನ ಬಲದಿಂದ ಮಾತ್ರ, ಅಂಟಿಗೆ ಜಾಗ ಬೇಕು.

60 ಅಥವಾ 80 ನಂಬರ್ ಎಮರಿ ಕಾಗದದಿಂದ ಉಜ್ಜಿ ಹೊಳಪು ಪೂರ್ತಿ ತೆಗೆಯಿರಿ. ಒರೆಸುವಾಗ ಎರಡು ಬಟ್ಟೆ ಇಟ್ಟುಕೊಳ್ಳಿ: ಒಂದರಲ್ಲಿ ಅಸಿಟೋನ್, ಅದು ಆರುವ ಮೊದಲೇ ಒರೆಸಲು ಇನ್ನೊಂದು ಒಣ ಬಟ್ಟೆ. ಒಂದೇ ಬಟ್ಟೆಯಲ್ಲಿ ಒರೆಸಿದರೆ ಹಳೆಯ ಮೇಣ, ಎಣ್ಣೆ ಹೋಗುವುದಿಲ್ಲ, ಎಲ್ಲೆಡೆ ಸವರಿದಂತಾಗುತ್ತದೆ. ಒಳಗಡೆಯಿಂದ ತೂತಿಗೆ ಪಾಲಿಥೀನ್ ಸುತ್ತಿದ ಪ್ಲೈ ತುಂಡನ್ನು ಆನಿಸಿ ಕಟ್ಟಿ.

ಬೇಕಾದ ಸಾಮಾನು: ಚದರ ಮೀಟರಿಗೆ 450 ಗ್ರಾಂ ತೂಗುವ ಫೈಬರ್ ಮ್ಯಾಟ್ (ಒಂದು ಪದರ ಸುಮಾರು 1 ಮಿ.ಮೀ. ದಪ್ಪ ಕೊಡುತ್ತದೆ, ನಮಗೆ ನಾಲ್ಕು ಪದರ), ಐಸೋಥಾಲಿಕ್ ರೆಸಿನ್ (ಪಾಲಿಯೆಸ್ಟರ್ ರೆಸಿನ್ನಿನ ಒಂದು ಬಗೆ), ಅದನ್ನು ಗಟ್ಟಿಮಾಡುವ ಕ್ಯಾಟಲಿಸ್ಟ್, ಹಲ್ಲು ರೋಲರ್, 2 ಇಂಚಿನ ಬ್ರಷ್, ಕೈಗವಸು, ಕನ್ನಡಕ, ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್. ಬಾಗಿಲು, ಟ್ಯಾಂಕ್ ಮಾಡುವವರು ಬಳಸುವ ಸಾದಾ ರೆಸಿನ್ ಅಗ್ಗವಾಗಿ ಸಿಗುತ್ತದೆ, ಆದರೆ ಸದಾ ನೀರಲ್ಲಿರುವ ಭಾಗಕ್ಕೆ ಐಸೋಥಾಲಿಕ್ಕೇ ಬೇಕು. ಬಟ್ಟೆಯ ಮಾಸ್ಕ್ ರೆಸಿನ್ ಆವಿಗೆ ಏನೂ ತಡೆಯಲ್ಲ.

ಪ್ರಾಣಕ್ಕೇ ಸಂಬಂಧಿಸಿದ ಮಾತೊಂದಿದೆ. ಅಂಗಡಿಯಲ್ಲಿ ರೆಸಿನ್ ಜೊತೆ ಎರಡು ಬಾಟಲಿ ಕೊಡುವುದುಂಟು, ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಿಲರೇಟರ್ ಮತ್ತು ನೀರಿನಂತಿರುವ ಕ್ಯಾಟಲಿಸ್ಟ್. ಇವೆರಡನ್ನೂ ಯಾವ ಕಾರಣಕ್ಕೂ ನೇರವಾಗಿ ಸೇರಿಸಬೇಡಿ, ಬೆಂಕಿ ಹೊತ್ತಿ ಸಿಡಿಯುತ್ತದೆ. ಆಕ್ಸಿಲರೇಟರನ್ನು ಮೊದಲು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಕ್ಯಾಟಲಿಸ್ಟ್. ಆಕ್ಸಿಲರೇಟರ್ ಮೊದಲೇ ಸೇರಿಸಿದ ರೆಸಿನ್ ಕೇಳಿ ತರುವುದು ಎಲ್ಲಕ್ಕಿಂತ ಕ್ಷೇಮ. ಕ್ಯಾಟಲಿಸ್ಟ್ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಿ.

ಈ ತೇಪೆಗೆ ರೆಸಿನ್ 100 ಗ್ರಾಂ ಹಿಡಿಯುತ್ತದೆ. ಬ್ರಷ್ಷು ಲೋಟಕ್ಕೆ ಅಂಟುವುದೂ ಸೇರಿ 150 ಗ್ರಾಂ ಕಲಸಿ. ಕ್ಯಾಟಲಿಸ್ಟ್ ನೂರಕ್ಕೆ ಒಂದರಿಂದ ಎರಡು ಭಾಗ. ಮೇ ತಿಂಗಳ ಬಿಸಿಗೆ ಒಂದು ಭಾಗ ಸಾಕು, ಅಂದರೆ 1.5 ಮಿ.ಲೀ. ಬಾಟಲಿಯ ಮುಚ್ಚಳದಲ್ಲಿ ಅಂದಾಜು ಮಾಡಬೇಡಿ, ಮೆಡಿಕಲ್ ಸ್ಟೋರಿನ 5 ಮಿ.ಲೀ. ಸಿರಿಂಜ್ ಬಳಸಿ. ಒಂದು ಭಾಗಕ್ಕಿಂತ ಕಡಿಮೆಯಾದರೆ ರೆಸಿನ್ ಎಷ್ಟು ದಿನವಾದರೂ ಪೂರ್ತಿ ಗಟ್ಟಿಯಾಗದು. ಹೆಚ್ಚಾದರೆ ಲೋಟದಲ್ಲೇ ಬಿಸಿಯಾಗಿ ಹೊಗೆಯಾಡಿ ಬಿರುಕು ಬಿಡುತ್ತದೆ.

ಮ್ಯಾಟನ್ನು ನಾಲ್ಕು ಅಳತೆಯಲ್ಲಿ ಹರಿದುಕೊಳ್ಳಿ: 19, 16, 13, 10 ಸೆಂ.ಮೀ. ಕತ್ತರಿಸುವುದಕ್ಕಿಂತ ಹರಿದರೆ ಅಂಚಿನ ಎಳೆಗಳು ಬಿಡಿಬಿಡಿಯಾಗಿ ಹಳೆಯ ಫೈಬರಿನೊಳಗೆ ಬೆರೆಯುತ್ತವೆ. ಇಳಿಜಾರಿಗೆ ರೆಸಿನ್ ಸವರಿ ದೊಡ್ಡದನ್ನು ಮೊದಲು ಇಡಿ, ಆಗ ಮೊದಲ ಪದರವೇ ಹಳೆಯ ಮೈಯನ್ನು ಪೂರ್ತಿ ಹಿಡಿಯುತ್ತದೆ. ಬ್ರಷ್ಷನ್ನು ಎಳೆಯಬೇಡಿ, ಕುಕ್ಕಿ. ಬಿಳಿ ಮ್ಯಾಟ್ ನಿಧಾನವಾಗಿ ನೆನೆದು ಗಾಜಿನಂತಾಗುವುದು ಕಾಣುತ್ತದೆ. ಎಲ್ಲಾದರೂ ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಇದೆ, ಹಲ್ಲು ರೋಲರಿನಿಂದ ಅಂಚಿನ ಕಡೆಗೆ ತಳ್ಳಿ ಹೊರಹಾಕಿ. ನಾಲ್ಕೂ ಪದರ ಒಂದೇ ಉಸಿರಿನಲ್ಲಿ ಮುಗಿಯಲಿ.

ಮಾರನೆಯ ದಿನ ಉಜ್ಜಿ, ಜೆಲ್‌ಕೋಟ್ ಹಚ್ಚಿ, ಅದರ ಮೇಲೆ ಪಾಲಿಥೀನ್ ಹಾಳೆ ಎಳೆದು ಮುಚ್ಚಿ. ಗಾಳಿ ತಾಗಿದರೆ ಜೆಲ್‌ಕೋಟಿನ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಇದನ್ನು ನೋಡಿ ಕ್ಯಾಟಲಿಸ್ಟ್ ಕಡಿಮೆಯಾಯಿತೆಂದು ಮುಂದಿನ ಸಲ ಹೆಚ್ಚು ಸುರಿಯುವವರೇ ಜಾಸ್ತಿ.

ಎಪಾಕ್ಸಿ ಬಳಸಬಹುದೇ? ಬಳಸಬಹುದು, ಹಿಡಿತ ಇನ್ನೂ ಗಟ್ಟಿ. ಆದರೆ ಅದಕ್ಕೆ ಈ ಮ್ಯಾಟ್ ಬೇಡ, ನೇಯ್ದ ಫೈಬರ್ ಬಟ್ಟೆ ತನ್ನಿ. ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ. ಎಪಾಕ್ಸಿ ಹಾಕಿದ ಜಾಗಕ್ಕೆ ಮತ್ತೆ ಜೆಲ್‌ಕೋಟ್ ಸರಿಯಾಗಿ ಕೂರದು, ಎಪಾಕ್ಸಿ ಪ್ರೈಮರ್ ಮತ್ತು ಪೇಂಟ್ ಹೊಡೆಯಿರಿ.

ಹಲಗೆಗೆ ಹೊಸ ಬೋಲ್ಟ್ ಹಾಕುವಾಗ ಮಾತ್ರ ಎಪಾಕ್ಸಿಗೆ ಬದಲಿಲ್ಲ. 10 ಮಿ.ಮೀ. ಬೋಲ್ಟಿಗೆ 14 ಮಿ.ಮೀ. ತೂತು ಕೊರೆದು ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ 10 ಮಿ.ಮೀ. ಕೊರೆಯಿರಿ. ಬೋಲ್ಟಿನ ಪಕ್ಕದಿಂದ ನೀರು ಇಳಿದರೂ ಅದು ಮರವನ್ನು ಮುಟ್ಟುವುದಿಲ್ಲ. ಬೋಲ್ಟಿನ ತಲೆಯಡಿಗೆ ಪಾಲಿಯುರೆಥೇನ್ ಸೀಲಂಟ್ ಹಚ್ಚಿ, ಸಿಲಿಕೋನ್ ಹಚ್ಚಬೇಡಿ.

ಎಂಜಿನ್: ಮಳೆ ಹಿಡಿದ ಮೇಲೆ

ಎಂಜಿನ್ ಕಳಚುವ ಮೊದಲು ಹತ್ತು ನಿಮಿಷ ನಲ್ಲಿ ನೀರು ಕೊಟ್ಟು ನ್ಯೂಟ್ರಲ್‌ನಲ್ಲಿ ಓಡಿಸಿ. ಹಿನ್ನೀರಿನ ಹೂಳು ತಂಪು ನೀರಿನ ದಾರಿಗಳಲ್ಲಿ ಕೂತಿರುತ್ತದೆ. ಕೊನೆಯಲ್ಲಿ ಪೆಟ್ರೋಲ್ ಪೈಪ್ ತೆಗೆದು, ನೀರು ನಿಲ್ಲಿಸದೆ, ಕಾರ್ಬುರೇಟರಿನ ಪೆಟ್ರೋಲ್ ಮುಗಿದು ತಾನೇ ನಿಲ್ಲುವವರೆಗೂ ಬಿಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತದೆ. ನಮ್ಮ ಕಬ್ಬಿನಿಂದಲೂ ಬರುವ ಈ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ತಳ ಸೇರುತ್ತವೆ, ಮತ್ತು ಪೆಟ್ರೋಲ್ ಪೈಪ್ ಎಳೆದುಕೊಳ್ಳುವುದು ತಳದಿಂದಲೇ. ಮಳೆಗಾಲಕ್ಕೆ ಟ್ಯಾಂಕ್ ಖಾಲಿ ಇಡಿ. ಅಕ್ಟೋಬರಿನಲ್ಲಿ ಹೊಸ ಪೆಟ್ರೋಲ್ ತುಂಬಿ.

ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದು ಟೀ ಚಮಚ 2ಟಿ ಎಣ್ಣೆ ಬಿಟ್ಟು ಫ್ಲೈವೀಲನ್ನು ಕೈಯಲ್ಲಿ ನಾಲ್ಕೈದು ಸುತ್ತು ತಿರುಗಿಸಿ, ಓಡುವ ದಿಕ್ಕಿಗೇ. ಉಲ್ಟಾ ತಿರುಗಿಸಿದರೆ ಕೆಳಗೆ ತಂಪು ನೀರೆತ್ತುವ ರಬ್ಬರ್ ಚಕ್ರದ, ಅಂದರೆ ಇಂಪೆಲ್ಲರಿನ, ರೆಕ್ಕೆಗಳು ಮಡಚಿ ಸೀಳುತ್ತವೆ. ಎಂಜಿನ್ ನೆಟ್ಟಗೆ ನಿಲ್ಲಿಸಿಯೇ ಇಡಬೇಕು.

ಗೇರ್ ಆಯಿಲ್ ಬದಲಿಸುವ ಕ್ರಮ ಹೀಗೆ:

1. ಕೆಳಗಿನ ಸ್ಕ್ರೂ ಮೊದಲು, ಮೇಲಿನದು ನಂತರ ಬಿಚ್ಚಿ, ಪೂರ್ತಿ ಇಳಿಯಲು ಅರ್ಧ ಗಂಟೆ ಕೊಡಿ.
2. ಇಳಿದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ನೋಡಿ. ಕಾಫಿಗೆ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ.
3. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ಒತ್ತಿ ತುಂಬಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಬರುವವರೆಗೂ. ಮೇಲಿನಿಂದ ಸುರಿದರೆ ಗಾಳಿ ಒಳಗೇ ಉಳಿಯುತ್ತದೆ.
4. ಮೇಲಿನ ಸ್ಕ್ರೂ ಮೊದಲು ಬಿಗಿದು, ಆಮೇಲೆ ಟ್ಯೂಬ್ ತೆಗೆದು ಕೆಳಗಿನದನ್ನು ಬಿಗಿಯಿರಿ. ಎರಡಕ್ಕೂ ಹೊಸ ವಾಷರ್.

ನೀರು ಸೇರಿದ್ದರೆ ಪ್ರೊಪೆಲ್ಲರ್ ಬಿಚ್ಚಿ ಅದರ ಹಿಂದೆ ನೋಡಿ. ಮೀನುಗಾರರ ನೈಲಾನ್ ಬಲೆಯ ಎಳೆ ಶಾಫ್ಟಿಗೆ ಸುತ್ತಿಕೊಂಡು, ಬಿಸಿಗೆ ಕರಗಿ, ಬಳೆಯಂತೆ ಗಟ್ಟಿಯಾಗಿ ಸೀಲನ್ನು ಕೊಯ್ದಿರುತ್ತದೆ. ಹಿನ್ನೀರಿನಲ್ಲಿ ಗೇರ್‌ಬಾಕ್ಸ್‌ಗೆ ನೀರು ಹೋಗಲು ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಚಾಕುವಿನಿಂದ ಎಳೆ ತೆಗೆದು, ಸೀಲ್ ಬದಲಿಸಿ, ಶಾಫ್ಟಿಗೆ ಮೆರೈನ್ ಗ್ರೀಸ್ ಹಚ್ಚಿ, ಹೊಸ ಕಾಟರ್ ಪಿನ್ ಹಾಕಿ.

ಹೂಳು ನೀರಿನಲ್ಲಿ ಓಡಿಸುವ ಎಂಜಿನ್ನಿಗೆ ಇಂಪೆಲ್ಲರ್ ವರ್ಷಕ್ಕೊಮ್ಮೆ ಬದಲಾಗಲಿ. ಹೊಸದಕ್ಕೆ ಸೋಪು ನೀರು ಹಚ್ಚಿ, ರೆಕ್ಕೆಗಳು ತಿರುಗುವ ದಿಕ್ಕಿನ ಹಿಂದಕ್ಕೆ ಮಡಚುವಂತೆ ಒಳಗೆ ಕೂರಿಸಿ. ಡ್ರೈವ್ ಶಾಫ್ಟಿನ ಹಲ್ಲುಗಳಿಗೆ ಪಕ್ಕದಲ್ಲಿ ಗ್ರೀಸ್ ಇರಲಿ, ನೆತ್ತಿಯ ಮೇಲೆ ಬೇಡ. ನೆತ್ತಿಯ ಗ್ರೀಸ್ ಮೇಲೆ ಸಿಕ್ಕಿಕೊಂಡು ಶಾಫ್ಟ್ ಪೂರ್ತಿ ಕೂರಲು ಬಿಡುವುದಿಲ್ಲ.

ತುಕ್ಕಿನಿಂದ ಕಾಯುವ ಬಲಿಲೋಹದ ತುಂಡನ್ನೂ, ಅಂದರೆ ಆನೋಡನ್ನೂ ನೋಡಿ. ಬಿಡಿಭಾಗ ಕರಾವಳಿಯಿಂದ ತರಿಸಿದರೆ ಹೆಚ್ಚಾಗಿ ಸತುವಿನದೇ ಬರುತ್ತದೆ. ಸಿಹಿನೀರಿನಲ್ಲಿ ಸತುವಿನ ಮೇಲೆ ಬಿಳಿ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ, ಎಂಜಿನ್ನಿನ ಅಲ್ಯೂಮಿನಿಯಂ ಕರಗಲು ಶುರುವಾಗುತ್ತದೆ. ಮೆಗ್ನೀಸಿಯಂ ಅಥವಾ ಅಲ್ಯೂಮಿನಿಯಂ ಆನೋಡ್ ಎಂದು ಬಿಡಿಸಿ ಹೇಳಿ ತರಿಸಿ. ಅದಕ್ಕೆ ಬಣ್ಣ ಹೊಡೆಯಬಾರದು.

ನೀರು ಚಿಮ್ಮುವ ಸಣ್ಣ ತೂತು, ಟ್ಯಾಂಕಿನ ಗಾಳಿ ತೂತುಗಳಿಗೆ ಬಟ್ಟೆ ತುರುಕಿ ಕೆಂಪು ದಾರ ಕಟ್ಟಿ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅಂಥ ತೂತು ಕಂಡರೆ ಬಿಡದು.

ಬ್ಯಾಟರಿ, ಪಂಪು

ಬ್ಯಾಟರಿ ಮನೆಗೆ ತಂದು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಪೂರ್ತಿ ಚಾರ್ಜಿದ್ದರೆ 12.7 ವೋಲ್ಟ್ ತೋರಿಸುತ್ತದೆ, 12.4ಕ್ಕೆ ಇಳಿಯುವ ಮೊದಲು ಮತ್ತೆ ಹಾಕಬೇಕು.

ಈ ವರ್ಷ ಒಂದೇ ಒಂದು ಸುಧಾರಣೆಗೆ ದುಡ್ಡಿದೆ ಎಂದಾದರೆ ತಳದ ನೀರು ಹೊರಹಾಕುವ ಬಿಲ್ಜ್ ಪಂಪಿಗೆ ಹಾಕಿ. ನೀರಿನ ಮಟ್ಟಕ್ಕಿಂತ ಒಂದು ಅಡಿ ಕೆಳಗೆ ಒಂದು ಇಂಚಿನ ತೂತಾದರೆ ನಿಮಿಷಕ್ಕೆ 40 ಲೀಟರ್‌ಗೂ ಹೆಚ್ಚು ನೀರು ನುಗ್ಗುತ್ತದೆ. ಗಂಟೆಗೆ 500 ಗ್ಯಾಲನ್ ಎಂದು ಬರೆದಿರುವ ಪಂಪು ಎತ್ತುವುದು ನಿಮಿಷಕ್ಕೆ ಹೆಚ್ಚೆಂದರೆ 31 ಲೀಟರ್, ಪೈಪು ಮೇಲೇರಿದಂತೆ ಇನ್ನೂ ಕಡಿಮೆ. ಸಾವಿರ ಗ್ಯಾಲನ್ನಿನದು ಹಾಕಿ, ಒಳಗೆ ನುಣುಪಾದ ಪೈಪ್ ಬಳಸಿ, ನೀರು ಏರಿದಾಗ ಪಂಪನ್ನು ತಾನೇ ಚಾಲೂ ಮಾಡುವ ಫ್ಲೋಟ್ ಸ್ವಿಚ್ಚನ್ನು ಮುಖ್ಯ ಸ್ವಿಚ್ಚಿನ ಮೂಲಕ ಕೊಡದೆ ನೇರ ಬ್ಯಾಟರಿಗೆ ಕೊಡಿ. ಪಂಪಿನ ಮೇಲೆ ಬರೆದಷ್ಟೇ ಆಂಪಿಯರಿನ ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಆದರೂ ಒಂದು ಬಕೆಟ್ಟು ದೋಣಿಯಲ್ಲಿ ಇರಲೇಬೇಕು.

ವೈರು ತವರ ಲೇಪಿಸಿದ ತಾಮ್ರದ್ದು. ಮನೆ ವೈರಿಂಗಿನ ಬರಿ ತಾಮ್ರ ಎರಡು ಮಳೆಗಾಲಕ್ಕೆ ಒಳಗೊಳಗೇ ಕಪ್ಪಾಗುತ್ತದೆ. ಜೋಡಣೆಗೆ ಇನ್ಸುಲೇಷನ್ ಟೇಪ್ ಸುತ್ತಬೇಡಿ, ಕ್ರಿಂಪ್ ಮಾಡಿ ಒಳಗೆ ಅಂಟು ಸವರಿದ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ.

ಹೊದಿಕೆ, ಲೈಫ್ ಜಾಕೆಟ್

ಟಾರ್ಪಾಲನ್ನು ದೋಣಿಯ ಮೇಲೆ ಸುಮ್ಮನೆ ಹೊದಿಸಬೇಡಿ. ಉದ್ದಕ್ಕೂ ಒಂದು ಬಿದಿರಿನ ಗಳು ಕಟ್ಟಿ ಮನೆಯ ಮಾಡಿನಂತೆ ಇಳಿಜಾರು ಕೊಡಿ. ಎರಡು ಚದರ ಮೀಟರಿನಲ್ಲಿ 5 ಸೆಂ.ಮೀ. ನೀರು ನಿಂತರೂ 100 ಕಿಲೋ ಭಾರ. ಎರಡೂ ತುದಿ ತೆರೆದಿರಲಿ, ಗಾಳಿ ಆಡದಿದ್ದರೆ ಒಳಗೆಲ್ಲ ಬೂಷ್ಟು.

ಲೈಫ್ ಜಾಕೆಟ್‌ಗಳನ್ನು ಮನೆಯೊಳಗೆ ಹಗ್ಗಕ್ಕೆ ತೂಗುಹಾಕಿ. ಪ್ರತಿಯೊಂದರ ಪಟ್ಟಿಯನ್ನೂ ಎರಡು ಕೈಯಲ್ಲಿ ಜಗ್ಗಿ ನೋಡಿ, ಬಿಸಿಲಿಗೆ ಬಣ್ಣ ಹೋದ ಹೊಲಿಗೆ ಪಟಪಟ ಬಿಡುತ್ತದೆ. ಅಂಥದ್ದನ್ನು ಕತ್ತರಿಸಿ ಎಸೆಯಿರಿ, ಯಾರಾದರೂ ಎತ್ತಿಕೊಂಡು ಹಾಕಿಕೊಳ್ಳದಿರಲಿ. ಮಕ್ಕಳ ಅಳತೆಯವು ಬೇರೆಯಾಗಿಯೇ ಬೇಕು, ಕಾಲ ನಡುವಿನ ಪಟ್ಟಿ ಇರುವಂಥವು. ದೊಡ್ಡವರ ಜಾಕೆಟ್ ಮಗುವಿಗೆ ಹಾಕಿದರೆ ನೀರಿನಲ್ಲಿ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಇದರಲ್ಲಿ ಉಳಿತಾಯ ನೋಡಲೇಬೇಡಿ.

ಮತ್ತೆ ನೀರಿಗೆ

ಆಯುಧಪೂಜೆಗೆ ಹಾರ ಹಾಕುವ ಮೊದಲೇ, ಕನಿಷ್ಠ ಒಂದು ವಾರ ಮುಂಚೆ ಇಳಿಸಿ ನೋಡಿ. ನೋಂದಣಿ, ತಪಾಸಣೆಯ ಕಾಗದಗಳ ಅವಧಿಯನ್ನು ಆಗಸ್ಟಿನಲ್ಲೇ ನೋಡಿಟ್ಟುಕೊಳ್ಳಿ. ಡ್ರೈನ್ ಪ್ಲಗ್ ಹಾಕಿ, ಮೊಣಕಾಲುದ್ದ ನೀರಿನಲ್ಲಿ ದೋಣಿ ನಿಲ್ಲಿಸಿ ಇಪ್ಪತ್ತು ನಿಮಿಷ ಸುಮ್ಮನೆ ಕಾಯಿರಿ. ತೇಪೆ ಹಾಕಿದ ಕಡೆ ಒಳಗಿನಿಂದ ಟಿಶ್ಯೂ ಕಾಗದ ಒತ್ತಿ ನೋಡಿ, ಒಸರಿದರೆ ಅದಕ್ಕೆ ಗೊತ್ತಾಗುತ್ತದೆ. ಎಂಜಿನ್ ಚಾಲೂ ಮಾಡಿದ ಕೂಡಲೇ ಹಿಂದೆ ನೀರು ಚಿಮ್ಮಬೇಕು. ಅರ್ಧ ನಿಮಿಷದೊಳಗೆ ಬರದಿದ್ದರೆ ಆಫ್ ಮಾಡಿ, ಕಣಜದ ಗೂಡಿದೆಯೇ ಎಂದು ತಂತಿ ಹಾಕಿ ನೋಡಿ.

ಮೊದಲ ವಾರ ಜನರನ್ನು ಹತ್ತಿಸದೆ ಹತ್ತು ಗಂಟೆ ಓಡಿಸಿ. ಆಮೇಲೆ ಹಿಂಬದಿ ಹಲಗೆಯ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದು, ಗೇರ್ ಆಯಿಲಿನ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ ಒಂದು ಹನಿ ಬೆರಳ ಮೇಲೆ ಬಿಟ್ಟು ನೋಡಿ. ಬಣ್ಣ ಬದಲಾಗಿರದಿದ್ದರೆ ದೋಣಿ ಸಿದ್ಧ.